ಬೀಡು, ಮಾಸ್ತಿ, ನೆತ್ತರುಕೊಡಗೆ: ಹಾಸನದ ಕಲ್ಲುಗಳಲ್ಲಿ ಉಳಿದ ಮರೆತ ಪದಗಳು ಎಲ್ಲಿಂದ ಬಂದವು?

"ನಿಮಗೆ ಗೊತ್ತೇ? ನಿಮ್ಮ ಊರಿನ ಹೆಸರಿನ ಹಿಂದಿನ ರೋಚಕ ಕಥೆ!" ಈ ಸಾಲಿನಿಂದ ಶುರುವಾಗುವ ಫಾರ್ವರ್ಡ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ರಾಜ ಬೇಟೆಗೆ ಬಂದ, ಅಜ್ಜಿ ಬೇಯಿಸಿದ ಕಾಳು ಕೊಟ್ಟಳು, ಊರಿಗೆ ಹೆಸರು ಬಂತು. ಇಲ್ಲವೇ ಹುಲಿ ಬಂತು, ಗುರು ಕೂಗಿದ, ರಾಜವಂಶಕ್ಕೆ ಹೆಸರು ಬಂತು. ಓದಲು ಖುಷಿ, ನೆನಪಿಡಲು ಸುಲಭ, ಕಳಿಸಲು ಒಂದೇ ಸೆಕೆಂಡ್ ಸಾಕು.

ಇದರಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ನಷ್ಟ ಇದೆ. ಹಳೆಯ ಪದವೊಂದರ ಅರ್ಥ ತಪ್ಪಾಗಿ ಹರಡಿದರೆ ಆ ಪದ ಕೆತ್ತಿರುವ ಕಲ್ಲಿಗೇ ಅಪಾಯ. ಶಾಸನದಲ್ಲಿ ನಿಧಿಯ ಗುಟ್ಟಿದೆ ಎಂದು ನಂಬಿ ವೀರಗಲ್ಲುಗಳನ್ನು ಕಿತ್ತು, ಬುಡ ಅಗೆದು, ಒಡೆದು ಹಾಕುವವರು ಈಗಲೂ ಇದ್ದಾರೆ. ಆದ್ದರಿಂದ ಹಾಸನ ಜಿಲ್ಲೆಯ ಕಲ್ಲುಗಳಲ್ಲಿ ಉಳಿದಿರುವ, ನಾವು ಮರೆತಿರುವ ಅಥವಾ ಅರ್ಥ ಬದಲಾಗಿರುವ ಕೆಲವು ಪದಗಳ ಮೂಲವನ್ನು ಇಲ್ಲಿ ನೋಡೋಣ. ಪದದ ಮೂಲ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಹೇಗೆ ಎಂಬುದನ್ನೂ ನೋಡೋಣ.

ಹಾಸನವನ್ನೇ ಯಾಕೆ ಆರಿಸಿಕೊಂಡೆವು?

ಕನ್ನಡ ಪದಗಳ ಹಳೆಯ ರೂಪ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ ಶಾಸನವನ್ನು ವಿದ್ವಾಂಸರು ಸುಮಾರು ಕ್ರಿ.ಶ. 450ರದ್ದು ಎನ್ನುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಒಂದರಲ್ಲೇ 500ಕ್ಕೂ ಹೆಚ್ಚು ಶಾಸನಗಳಿವೆ. ಹಾಸನ, ಅರಸೀಕೆರೆ, ಹೊಳೆನರಸೀಪುರ, ಅರಕಲಗೂಡು ಕಡೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಹೀಗಾಗಿ ಒಂದೇ ಜಿಲ್ಲೆಯೊಳಗೆ ಒಂದು ಪದ ಸಾವಿರ ವರ್ಷಕ್ಕೂ ಮೇಲ್ಪಟ್ಟು ಹೇಗೆ ಬದಲಾಗುತ್ತಾ ಬಂತು ಎಂದು ನೋಡಲು ಸಾಧ್ಯ.

'ಪ' ಹೋಗಿ 'ಹ' ಬಂದ ಕಥೆ

ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು 'ಪಲ್ಮಡಿ' ಎಂದಿದೆ. ಅದೇ ಇಂದಿನ ಹಲ್ಮಿಡಿ. ಇದು ಒಂದು ಊರಿಗೆ ಮಾತ್ರ ಆದ ಬದಲಾವಣೆಯಲ್ಲ. ಸುಮಾರು 10ರಿಂದ 14ನೇ ಶತಮಾನದ ನಡುವೆ ಕನ್ನಡದ ಸಾವಿರಾರು ಪದಗಳ ಮೊದಲ 'ಪ'ಕಾರ 'ಹ'ಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೆಸರ್ ಹೆಸರಾಯಿತು, ಪತ್ತು ಹತ್ತಾಯಿತು. ತಮಿಳಿನಲ್ಲಿ ಇಂದಿಗೂ ಪಾಲ್, ತೆಲುಗಿನಲ್ಲಿ ಪಾಲು. ನಮ್ಮ ಅಕ್ಕಪಕ್ಕದ ಭಾಷೆಗಳು ಹಳೆಯ ರೂಪ ಉಳಿಸಿಕೊಂಡವು, ನಾವು ಮುಂದೆ ನಡೆದೆವು.

ಹೊಳೆನರಸೀಪುರದ 'ಹೊಳೆ'ಯೂ ಇದೇ ದಾರಿಯಲ್ಲಿ ಬಂದದ್ದು. ಅದರ ಹಳೆಯ ರೂಪ 'ಪೊಳೆ'. ಮಲಯಾಳದಲ್ಲಿ ನದಿಗೆ 'ಪುೞ' ಎನ್ನುತ್ತಾರೆ. ಕೇರಳದ ಆಲಪ್ಪುೞ ಊರಿನ ಹೆಸರಿನ ಕೊನೆಯಲ್ಲಿ ಇರುವುದು ಅದೇ ಪದ. ಹೇಮಾವತಿ ದಂಡೆಯ ಊರಿನ ಹೆಸರಿಗೂ ಕೇರಳದ ಹಿನ್ನೀರಿನ ಊರಿನ ಹೆಸರಿಗೂ ಹೀಗೊಂದು ನೆಂಟಸ್ತಿಕೆ ಇದೆ.

ಈ ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ 'ಆಲು', 'ಅಳ್ಳಿ', 'ಆಸನ' ಎನ್ನುವವರನ್ನು ನೀವು ಕೇಳಿರುತ್ತೀರಿ. ಅವರ ಮಾತನ್ನು ಆಡಿಕೊಳ್ಳುವ ರೀಲ್ಸ್‌ಗಳೂ ಸಾಕಷ್ಟಿವೆ. ಭಾಷಾವಿಜ್ಞಾನದ ಪ್ರಕಾರ ಅದು ಸೋಮಾರಿತನವೂ ಅಲ್ಲ, ಅಜ್ಞಾನವೂ ಅಲ್ಲ. ಪಾಲು ಹಾಲಾದ ದಾರಿಯಲ್ಲೇ ಹಾಲು ಆಲಾಗಿದೆ. ಮೊದಲ ಹೆಜ್ಜೆ ಇಟ್ಟವರನ್ನು ಯಾರೂ ಈಗ ನಗುವುದಿಲ್ಲ, ಎರಡನೇ ಹೆಜ್ಜೆ ಇಟ್ಟವರನ್ನು ಮಾತ್ರ ನಗುತ್ತೇವೆ. ಲಂಡನ್ನಿನ ದುಡಿಯುವ ಜನರ ಇಂಗ್ಲಿಷಿನಲ್ಲೂ ಪದದ ಮೊದಲ ಹಕಾರ ಹೀಗೇ ಬಿದ್ದುಹೋಗುತ್ತದೆ.

ಕಳೆದುಹೋದ ಎರಡು ಅಕ್ಷರ

ಶಾಸನದ ಪದಗಳು ವಿಚಿತ್ರವಾಗಿ ಕಾಣಲು ಇನ್ನೊಂದು ಕಾರಣ, ಕನ್ನಡ ಬಿಟ್ಟುಬಿಟ್ಟ ಎರಡು ಅಕ್ಷರಗಳು: ೞ ಮತ್ತು ಱ. ಇಂದು ನಾವು 'ಮಳೆ' ಎಂದು ಬರೆಯುವುದನ್ನು ಹಿಂದೆ 'ಮೞೆ' ಎಂದು ಬರೆಯುತ್ತಿದ್ದರು. 'ಏಳು' ಎಂಬುದು 'ಏೞು' ಆಗಿತ್ತು, 'ಕೆರೆ' ಎಂಬುದು 'ಕೆಱೆ' ಆಗಿತ್ತು. ಮೊದಲನೆಯ ಅಕ್ಷರದ ಉಚ್ಚಾರಣೆ ಇಂದಿಗೂ ತಮಿಳು, ಮಲಯಾಳದಲ್ಲಿ ಉಳಿದಿದೆ. ಕನ್ನಡದಲ್ಲಿ ಅದು ಮೆಲ್ಲಗೆ 'ಳ'ದೊಳಗೆ ಸೇರಿಹೋಯಿತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರ ಇರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಪಟ್ಟಿ ಕೊಡಬೇಕಾಯಿತು ಎಂದರೆ ಆ ಹೊತ್ತಿಗೇ ಜನ ಎರಡನ್ನೂ ಕಲಸುತ್ತಿದ್ದರು ಎಂದರ್ಥ.

ನಿಮ್ಮ ಫೋನಿಗೂ ಈ ಅಕ್ಷರಕ್ಕೂ ಒಂದು ತಮಾಷೆಯ ನಂಟಿದೆ. ಜಗತ್ತಿನ ಎಲ್ಲ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ತಪ್ಪಾಗಿ 'ಫ' ಎಂಬ ಹೆಸರು ಸೇರಿಕೊಂಡಿತು. ಆ ಪಟ್ಟಿಗೆ ಒಮ್ಮೆ ಸೇರಿದ ಹೆಸರನ್ನು ಬದಲಿಸುವಂತಿಲ್ಲ ಎಂಬುದು ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿದ್ದಾರೆ. ಹಳೆಯ ತಪ್ಪು ಹಾಗೆಯೇ ಉಳಿದಿದೆ.

ಇಂಗ್ಲಿಷಿಗೂ ಹೀಗೇ ಆಗಿದೆ. ಹಳೆಯ ಇಂಗ್ಲಿಷಿನಲ್ಲಿ 'ತ್' ಸದ್ದಿಗೆಂದು 'ಥಾರ್ನ್' ಎಂಬ ಬೇರೆ ಅಕ್ಷರವೇ ಇತ್ತು. ಅದು ಮೂಲೆಗೆ ಸೇರುತ್ತಾ ಬಂದಂತೆ ಜನ ಅದನ್ನು 'ವೈ' ಅಕ್ಷರ ಎಂದು ಓದತೊಡಗಿದರು. ಹಳೆಯ ಅಂಗಡಿಗಳ ಬೋರ್ಡಿನ ಮೇಲೆ ಕಾಣುವ 'ಯೀ ಓಲ್ಡ್' ಹುಟ್ಟಿದ್ದು ಹಾಗೆ. ಅಲ್ಲಿ ನಿಜವಾಗಿ ಇದ್ದದ್ದು 'ದಿ' ಎಂಬ ಪದ.

ಅಕ್ಷರ ಕಳೆದುಹೋದರೆ ಅರ್ಥವೂ ಕಲಸಿಹೋಗುತ್ತದೆ. ಹಲ್ಮಿಡಿ ಶಾಸನದಲ್ಲಿ 'ಬಾಳ್ಗೞ್ಚು' ಎಂಬ ಪದ ಇದೆ. ಇಂದಿನ ಕಣ್ಣಲ್ಲಿ ಓದಿದರೆ 'ಬಾಳು ಕಳಚುವುದು' ಎಂಬಂತೆ ಕಾಣುತ್ತದೆ. ಆದರೆ ಹಳಗನ್ನಡದಲ್ಲಿ ಬದುಕು ಎಂಬ ಅರ್ಥದ ಪದ 'ಬಾೞ್'. ಇಲ್ಲಿರುವುದು ಬೇರೆ 'ಬಾಳ್', ಅಂದರೆ ಕತ್ತಿ. 'ಕೞ್ಚು' ಎಂದರೆ ತೊಳೆ. ಯುದ್ಧ ಮುಗಿದ ಮೇಲೆ ಕತ್ತಿ ತೊಳೆದು, ವೀರನಿಗೆ ಭೂಮಿ ಕೊಡುವುದು 'ಬಾಳ್ಗೞ್ಚು'. ಒಂದು ಅಕ್ಷರ ತಪ್ಪಿದರೆ ದಾನಪತ್ರ ಮರಣಪತ್ರದಂತೆ ಕಾಣುತ್ತದೆ.

ಸಂಪೂರ್ಣ ಮರೆತ ಪದಗಳು

'ನೆತ್ತರುಕೊಡಗೆ' ಎಂಬ ಪದ ಕೇಳಿದರೆ ಇಂದು ಯಾರಿಗಾದರೂ ರಕ್ತದಾನ ಶಿಬಿರ ನೆನಪಾದೀತು. ಶಾಸನಗಳಲ್ಲಿ ಅದು ಹೋರಾಡಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಹುತಾತ್ಮ ಯೋಧನ ಕುಟುಂಬಕ್ಕೆ ಪರಿಹಾರ. 'ಕೊಡು' ಧಾತುವಿನಿಂದ 'ಕೊಡಗೆ', ಅಂದರೆ ಕೊಟ್ಟದ್ದು.

'ತುರುಗೋಳ್' ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವ ದಾಳಿ. 'ತುರು' ಎಂದರೆ ದನ, 'ಕೊಳ್' ಎಂದರೆ ಹಿಡಿದುಕೊಳ್ಳುವುದು. ಎಷ್ಟೋ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಕೆತ್ತಿರುವುದಕ್ಕೆ ಇದೇ ಕಾರಣ. ಅಲ್ಲಿ ಸತ್ತವನು ಹೆಚ್ಚಾಗಿ ರಾಜನಲ್ಲ, ಊರಿನ ದನ ಕಾಯಲು ಹೋದ ಊರಿನವನೇ.

'ಬಿತ್ತುವಟ್ಟ' ಕೆರೆ ಕಟ್ಟಿಸಿದವರಿಗೆ ಅಥವಾ ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಯ ಹೆಸರು. ಈ ಪದ ಹೋಯಿತು. ಆದರೆ ಅದರ ಜೊತೆಗೆ ಶಾಸನಗಳಲ್ಲಿ ಬರುವ 'ತೂಂಬು' ಹೋಗಲಿಲ್ಲ. ಕೆರೆಯ ನೀರು ಬಿಡುವ ಜಾಗಕ್ಕೆ ಇಂದಿಗೂ ನಮ್ಮ ರೈತರು 'ತೂಬು' ಎಂದೇ ಹೇಳುವುದು. ಬಳಕೆ ಇದ್ದ ಪದ ಉಳಿಯಿತು, ವ್ಯವಸ್ಥೆ ಸತ್ತಾಗ ಅದರ ಪದವೂ ಸತ್ತಿತು.

'ಗರುಡ' ಎಂಬುದನ್ನು ಎಲ್ಲರೂ ಬಲ್ಲರು, ಹಕ್ಕಿ ಎಂದು. ಹೊಯ್ಸಳರ ಕಾಲದಲ್ಲಿ ಅದು ರಾಜನೊಂದಿಗೆ ಬದುಕಿ ರಾಜನೊಂದಿಗೇ ಸಾಯುವ ಪಣ ತೊಟ್ಟ ಆಪ್ತ ಯೋಧನ ಹೆಸರೂ ಹೌದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇರುವ ಕಂಬದ ಶಾಸನ, ಎರಡನೇ ಬಲ್ಲಾಳನ ಆಪ್ತ ಕುವರ ಲಕ್ಷ್ಮ ಮತ್ತು ಅವನ ಕಡೆಯವರು ಹೀಗೆ ಪ್ರಾಣ ಕೊಟ್ಟದ್ದನ್ನು ಹೇಳುತ್ತದೆ. ಕಂಬದ ಮೇಲೆ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರ ಚಿತ್ರಗಳಿವೆ. ಅದನ್ನು ನರಬಲಿ ಎಂದುಕೊಳ್ಳುವ ಮೊದಲು ಈ ಅರ್ಥ ತಿಳಿದಿರಬೇಕು.

ಮುಖ ಬದಲಿಸಿಕೊಂಡು ನಮ್ಮ ಜೊತೆಗೇ ಇರುವ ಪದಗಳು

'ಕಾಡಾನೆಗಳು ಬೀಡು ಬಿಟ್ಟಿವೆ' ಎಂದು ಸಕಲೇಶಪುರ, ಆಲೂರು ಕಡೆಯ ಸುದ್ದಿ ಓದುತ್ತೇವೆ. ಆ 'ಬೀಡು' ಹಳೇಬೀಡಿನ ಬೀಡೇ. ಶಾಸನಗಳಲ್ಲಿ ಬೀಡು ಎಂದರೆ ರಾಜ, ಸೈನ್ಯ ತಂಗಿದ ಜಾಗ, ರಾಜಧಾನಿ. ಹೊಯ್ಸಳರ ದೋರಸಮುದ್ರ ಹಾಳಾದ ಮೇಲೆ ಅದು ಹಳೆಯ ಬೀಡಾಯಿತು.

'ಮಾಸ್ತಿಕಲ್ಲು' ಎಂಬುದರಲ್ಲಿ ಇರುವುದು 'ಮಹಾಸತಿ'. ಹೇಳುತ್ತಾ ಹೇಳುತ್ತಾ ಅದು ಮಾಸತಿಯಾಗಿ, ಮಾಸ್ತಿಯಾಯಿತು. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಕೈ ಕೆತ್ತಿದ ಕಲ್ಲು ಕಂಡರೆ ಅದು ಗಂಡನೊಂದಿಗೆ ಚಿತೆ ಏರಿದ ಹೆಣ್ಣಿನ ನೆನಪು. ಮೋಜು ಎಂಬ ಅರ್ಥದ ಹಿಂದಿಯ 'ಮಸ್ತಿ'ಗೂ ಇದಕ್ಕೂ ಸಂಬಂಧ ಇಲ್ಲ. ಅದು ಪಾರ್ಸಿಯಿಂದ ಬಂದದ್ದು.

'ಗೌಡ' ಶಾಸನಗಳಲ್ಲಿ ಮೊದಲು ಗಾಮುಂಡ, ಆಮೇಲೆ ಗಾವುಂಡ, ಗವುಂಡ, ಕೊನೆಗೆ ಗೌಡ. ಅಲ್ಲಿ ಅದು ಊರಿನ ಆಡಳಿತ ನೋಡುವ ಹುದ್ದೆ. 10ನೇ ಶತಮಾನದಲ್ಲಿ ಜಕ್ಕಿಯಬ್ಬೆ ಎಂಬ ಮಹಿಳೆ ಗಂಡ ಸತ್ತ ಮೇಲೆ ನಾಡಿನ ಗಾವುಂಡನ ಅಧಿಕಾರ ನಡೆಸಿದ್ದನ್ನು ಶಿವಮೊಗ್ಗ ಜಿಲ್ಲೆಯ ಬಂದಳಿಕೆಯ ಶಾಸನ ಹೇಳುತ್ತದೆ. 'ಹೆಗ್ಗಡೆ' ಹಿಂದೆ 'ಪೆರ್ಗಡೆ', ಅದೂ ಅಧಿಕಾರಿಯ ಹೆಸರು. ಊರಿನ ಲೆಕ್ಕ ಬರೆಯುತ್ತಿದ್ದ 'ಸೇನಬೋವ' ಶಾನುಭೋಗನಾದ. ಊರ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆಯ ನಂತರ ಹುದ್ದೆ ಹೋಗಿ, ಹೆಸರು ಮಾತ್ರ ಮನೆತನಗಳಲ್ಲಿ ಉಳಿಯಿತು.

ಜೇಬಿನಲ್ಲಿರುವ 'ಹಣ'ವೂ ಹಳೆಯ ನಾಣ್ಯವೇ. 'ಪಣ' ಎಂಬ ಚಿಕ್ಕ ಚಿನ್ನದ ನಾಣ್ಯ 'ಹಣ'ವಾಗಿ, ಆಮೇಲೆ ಎಲ್ಲ ದುಡ್ಡಿಗೂ ಹೆಸರಾಯಿತು. ಅದರ ನಾಲ್ಕನೇ ಒಂದು ಭಾಗ 'ಹಾಗ', ಹದಿನಾರನೇ ಒಂದು ಭಾಗ 'ವೀಸ'. ಈ ವೀಸಕ್ಕೂ ವಿಮಾನ ಹತ್ತಲು ಬೇಕಾಗುವ ವೀಸಾಕ್ಕೂ ಏನೂ ಸಂಬಂಧ ಇಲ್ಲ. ಅದು 'ನೋಡಿದ ಕಾಗದ' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಸದ್ದು ಒಂದೇ ಆದ ಮಾತ್ರಕ್ಕೆ ಎರಡು ಪದ ನೆಂಟರಾಗುವುದಿಲ್ಲ.

ಸದ್ದು ಬೇರೆಯಾದರೂ ನೆಂಟರಾಗಿರಬಹುದು. ಸಂಸ್ಕೃತದ 'ಶರ್ಕರಾ' ಕನ್ನಡದಲ್ಲಿ ಸಕ್ಕರೆಯಾಯಿತು. ಅದೇ ಪದ ಪಾರ್ಸಿ, ಅರಬ್ಬಿ, ಲ್ಯಾಟಿನ್ ದಾಟಿ ಮಧ್ಯಯುಗದ ಇಂಗ್ಲಿಷಿಗೆ ಸೇರಿ 'ಶುಗರ್' ಆಯಿತು. ಹೀಗೆ ನಮ್ಮ ಮನೆಯ ಸಕ್ಕರೆ ಡಬ್ಬಿಗೂ ಡಾಕ್ಟರು ಬರೆಯುವ ಶುಗರ್ ರಿಪೋರ್ಟಿಗೂ ಮೂಲ ಒಂದೇ.

'ತಿಂಗಳು' ಎಂದರೆ ಮೊದಲು ಚಂದ್ರ. ಚಂದ್ರನ ಒಂದು ಸುತ್ತು ಮುಗಿಯುವ ಕಾಲಕ್ಕೂ ಅದೇ ಹೆಸರಾಯಿತು. ಹಳೆಯ ಅರ್ಥ ಬೆಳದಿಂಗಳಿನಲ್ಲಿ ಇನ್ನೂ ಉಳಿದಿದೆ: ಬೆಳ್ ಅಂದರೆ ಬಿಳಿ, ಅದರ ಜೊತೆ ತಿಂಗಳ್. ಇಂಗ್ಲಿಷಿನ 'ಮೂನ್' ಮತ್ತು 'ಮಂತ್' ಕೂಡ ಒಂದೇ ಬೇರಿನವು. ಎರಡು ಬೇರೆ ನಾಡಿನ ಜನ ಆಕಾಶ ನೋಡಿ ಒಂದೇ ಲೆಕ್ಕ ಹಾಕಿದ್ದಾರೆ, ಯಾರೂ ಯಾರಿಂದಲೂ ಕದ್ದದ್ದಲ್ಲ.

ಅರ್ಥ ತಲೆಕೆಳಗಾಗುವುದೂ ಉಂಟು. 'ಕೂಳ್' ಎಂದರೆ ಹಳಗನ್ನಡದಲ್ಲಿ ಅನ್ನ, ಊಟ. ಇಂದು ಯಾರನ್ನಾದರೂ 'ಕೂಳು ತಿಂದಿರಾ' ಎಂದು ಕೇಳಿ ನೋಡಿ, ಜಗಳ ಗ್ಯಾರಂಟಿ. ಇಂಗ್ಲಿಷಿನ 'ನೈಸ್' ಇದರ ಉಲ್ಟಾ. ಮಧ್ಯಯುಗದಲ್ಲಿ ಅದಕ್ಕೆ ದಡ್ಡ ಎಂಬ ಅರ್ಥ ಇತ್ತು, ಈಗ ಒಳ್ಳೆಯವನು ಎಂಬ ಅರ್ಥ.

ಮೂರು ಜನಪ್ರಿಯ ಕಥೆಗಳ ಪರೀಕ್ಷೆ

ಮೊದಲನೆಯದು ಬೆಂದಕಾಳೂರು. ಹೊಯ್ಸಳರ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಹೆಸರು ಬಂತು ಎನ್ನುತ್ತಾರೆ. ಆದರೆ ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನದಲ್ಲೇ 'ಬೆಂಗುಳೂರು' ಕಾಳಗದ ಮಾತಿದೆ. ವೀರಬಲ್ಲಾಳ ಆಳಿದ್ದು ಅದಾಗಿ ಸುಮಾರು 300 ವರ್ಷದ ಮೇಲೆ. ಅವನು ಕಾಳು ತಿಂದಿದ್ದರೂ ಊರಿಗೆ ಹೆಸರು ಮೊದಲೇ ಇತ್ತು.

ಎರಡನೆಯದು ಶ್ರವಣಬೆಳಗೊಳ. ಗುಳ್ಳಕಾಯಜ್ಜಿ ಬಿಳಿ ಗುಳ್ಳದಕಾಯಿಯಲ್ಲಿ ಹಾಲು ತಂದಳು, 'ಬೆಳಿಯ ಗುಳ್ಳ'ದಿಂದ ಬೆಳಗೊಳ ಆಯಿತು ಎಂಬ ಮಾತಿದೆ. ಶಾಸನಗಳಲ್ಲಿ ಸಿಗುವ ರೂಪ 'ಬೆಳ್ಗೊಳ', ಅಂದರೆ ಬಿಳಿಯ ಕೊಳ. ಸಂಸ್ಕೃತದಲ್ಲಿ ಬರೆದವರೂ ಅದನ್ನು ಶ್ವೇತಸರೋವರ, ಧವಳಸರೋವರ ಎಂದೇ ಅನುವಾದ ಮಾಡಿದ್ದಾರೆ. ಊರಿನ ನಡುವೆ ಕೊಳ ಇಂದಿಗೂ ಇದೆ. ಅಜ್ಜಿಯ ಕಥೆ ಅಹಂಕಾರದ ಬಗ್ಗೆ ಒಳ್ಳೆಯ ಪಾಠ. ಹೆಸರಿನ ಮೂಲಕ್ಕೆ ಮಾತ್ರ ಅದು ಸಾಕ್ಷಿಯಲ್ಲ.

ಮೂರನೆಯದು 'ಹೊಯ್ ಸಳ'. ಹುಲಿಯನ್ನು ಹೊಡೆ ಎಂದು ಗುರು ಕೂಗಿದ ಕಥೆ ವಿಷ್ಣುವರ್ಧನನ 1117ರ ಬೇಲೂರು ಶಾಸನದಲ್ಲೇ ಇದೆ. ಆದ್ದರಿಂದ ಇದು ವಾಟ್ಸಾಪ್ ಕಾಲದ ಕಟ್ಟುಕಥೆಯಲ್ಲ, 900 ವರ್ಷ ಹಳೆಯದು. ಆದರೆ 11ನೇ ಶತಮಾನದ ಶಾಸನಗಳಲ್ಲೇ 'ಪೊಯ್ಸಳ' ಎಂಬ ಹೆಸರು ಬರುತ್ತದೆ. ಹೆಸರು ಮೊದಲೇ ಇತ್ತು, ಅದನ್ನು ವಿವರಿಸುವ ಕಥೆ ನಮಗೆ ಕಾಣಸಿಗುವುದು ಆಮೇಲೆ. ಹಳೆಯ ಕಾಲದವರೂ ಪದ ಒಡೆದು ಕಥೆ ಕಟ್ಟುವುದರಲ್ಲಿ ನಮ್ಮಷ್ಟೇ ಆಸಕ್ತರಾಗಿದ್ದರು.

ಇದು ಕನ್ನಡದವರ ಚಾಳಿ ಮಾತ್ರವಲ್ಲ. 'ನ್ಯೂಸ್' ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂಬ ಫಾರ್ವರ್ಡ್ ನೀವೂ ನೋಡಿರುತ್ತೀರಿ. ಅದೂ ಸುಳ್ಳು. 'ನ್ಯೂ', ಅಂದರೆ ಹೊಸದು, ಎಂಬ ಪದದ ಬಹುವಚನವೇ ನ್ಯೂಸ್. ಮಧ್ಯಯುಗದಲ್ಲೇ ಬಳಕೆಗೆ ಬಂದದ್ದು. ಮೊದಲಕ್ಷರಗಳನ್ನು ಜೋಡಿಸಿ ಪದ ಮಾಡುವ ಅಭ್ಯಾಸ ಹೆಚ್ಚಾದದ್ದು 20ನೇ ಶತಮಾನದಲ್ಲಿ. ಹಳೆಯ ಪದಕ್ಕೆ 'ಫುಲ್ ಫಾರ್ಮ್' ಹೇಳುವ ಸಂದೇಶ ಬಂದರೆ ಮೊದಲು ಅನುಮಾನಪಡಿ.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ?

ನಾಲ್ಕು ಪ್ರಶ್ನೆ ಸಾಕು.

1. ಪದದ ಅತಿ ಹಳೆಯ ಬರಹ ರೂಪ ಯಾವುದು? ಇಂದಿನ ರೂಪವನ್ನು ಒಡೆದು ಅರ್ಥ ಹೇಳುವವರು ಹೆಚ್ಚಾಗಿ ಎಡವುವುದು ಇಲ್ಲೇ.

2. ಆದ ಬದಲಾವಣೆ ಬೇರೆ ಪದಗಳಲ್ಲೂ ಆಗಿದೆಯೇ? ಪಕಾರ ಹಕಾರವಾಗುವುದು ನೂರಾರು ಪದಗಳಲ್ಲಿ ಕಾಣುತ್ತದೆ. ಒಂದೇ ಪದಕ್ಕೆ ಮಾತ್ರ ಒಂದು ವಿಶೇಷ ನಿಯಮ ಬೇಕಾದರೆ ಕಥೆ ಕುಂಟುತ್ತಿದೆ ಎಂದರ್ಥ.

3. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ನೆಂಟ ಪದ ಇದೆಯೇ? ಇದ್ದರೆ ಅದು ಒಂದು ಊರಿನ ಅಜ್ಜಿಯಿಂದಲೋ ಒಬ್ಬ ರಾಜನಿಂದಲೋ ಹುಟ್ಟಿದ್ದಲ್ಲ.

4. ಕಥೆಯ ಕಾಲ, ಪದದ ಕಾಲ ಹೊಂದುತ್ತವೆಯೇ? ಬೆಂದಕಾಳೂರು ಬಿದ್ದದ್ದು ಈ ಪ್ರಶ್ನೆಗೆ.

ಉತ್ತರ ಹುಡುಕಲು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇದೆ. ಪದದ ಹಳೆಯ ಬಳಕೆಗಳನ್ನು ಉದಾಹರಣೆ ಸಮೇತ ಕೊಡುತ್ತದೆ. ಫರ್ಡಿನೆಂಡ್ ಕಿಟ್ಟೆಲ್ ಅವರ 1894ರ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಕಲ್ಲು ಕಂಡರೆ ಏನು ಮಾಡಬೇಕು?

ಈಗ ನಿಧಿಯ ವಿಷಯ. ಶಾಸನದ ಕಲ್ಲಿನ ತುದಿಯಲ್ಲಿ ಸೂರ್ಯ, ಚಂದ್ರ ಇದ್ದರೆ ಅದು ನಿಧಿಯ ದಿಕ್ಕು ತೋರಿಸುವ ಗುರುತು ಎಂಬ ಮಾತು ಚಾಲ್ತಿಯಲ್ಲಿದೆ. ಇದು ಸುಳ್ಳು. ಸೂರ್ಯ ಚಂದ್ರ ಇರುವವರೆಗೆ ಈ ದಾನ, ಈ ಹೆಸರು ಉಳಿಯಲಿ ಎಂಬುದೇ ಅದರ ಅರ್ಥ. ಶಾಸನದ ಭಾಷೆಯಲ್ಲಿ 'ಆಚಂದ್ರಾರ್ಕ'. ಕೊನೆಯಲ್ಲಿ ಬರುವ ಶಾಪದ ಮಾತು, ಅಂದರೆ ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ 'ಸಾಸಿರ ಕವಿಲೆ'ಯನ್ನು ಕೊಂದ ಪಾಪ ಬರಲಿ ಎಂಬಂಥದ್ದು, ಹೂತಿಟ್ಟ ಚಿನ್ನದ ಕಾವಲಿಗಲ್ಲ. ಸಾಸಿರ ಎಂದರೆ ಸಾವಿರ, ಕವಿಲೆ ಎಂದರೆ ಕಪಿಲೆ ಹಸು. ಕೊಟ್ಟ ಭೂಮಿಯನ್ನು ಮುಂದಿನವರು ಕಿತ್ತುಕೊಳ್ಳದಿರಲಿ ಎಂದು ಬರೆದ ಎಚ್ಚರಿಕೆ ಅದು. ಭೂಮಿಯಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಗುಟ್ಟಾಗಿ ಅಗೆಯುವುದು ಅಪರಾಧ.

ಹೊಲದ ಬದುವಿನಲ್ಲೋ ಕೆರೆ ಏರಿಯಲ್ಲೋ ಅಕ್ಷರ ಇರುವ ಕಲ್ಲು ಕಂಡರೆ ಅದನ್ನು ಕೀಳಬೇಡಿ, ಎಣ್ಣೆ ಸುರಿಯಬೇಡಿ, ಪೇಂಟ್ ಬಳಿಯಬೇಡಿ, ಕಬ್ಬಿಣದ ಬ್ರಷ್‌ನಿಂದ ಉಜ್ಜಬೇಡಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ, ಅಕ್ಷರ ಚೆನ್ನಾಗಿ ಕಾಣುತ್ತದೆ. ಗ್ರಾಮ ಪಂಚಾಯಿತಿಗೂ ರಾಜ್ಯ ಪುರಾತತ್ವ ಇಲಾಖೆಗೂ ತಿಳಿಸಿ. ಜಾಗದ ವಿವರವನ್ನು ಮಾತ್ರ ಗ್ರೂಪುಗಳಲ್ಲಿ ಹಾಕಬೇಡಿ. ನಿಧಿ ಹುಡುಕುವವರೂ ಆ ಗ್ರೂಪಿನಲ್ಲಿ ಇರಬಹುದು.

ವೀರಗಲ್ಲಿನಲ್ಲಿ ಇರುವುದು ಚಿನ್ನದ ಲೆಕ್ಕವಲ್ಲ. ಊರಿನ ದನ ಬಿಡಿಸಲು ಹೋಗಿ ಸತ್ತ ಯಾರದ್ದೋ ಹೆಸರು, ಅವನ ಮನೆಯವರಿಗೆ ಕೊಟ್ಟ ಗದ್ದೆ, ಅದನ್ನು ಹೇಳಲು ಆ ಕಾಲದ ಜನ ಬಳಸಿದ ಪದ. ಕಲ್ಲು ಒಡೆದರೆ ಆ ಪದ ಬೇರೆಲ್ಲೂ ಸಿಗದೇ ಹೋಗಬಹುದು. ಊರ ಹೆಸರಿನ ಕಥೆಯ ಮುಂದಿನ ಫಾರ್ವರ್ಡ್ ಬಂದಾಗ ಕಳಿಸುವ ಮೊದಲು ಆ ನಾಲ್ಕು ಪ್ರಶ್ನೆ ಕೇಳಿ. ಕಥೆ ಇಷ್ಟವಾದರೆ ಕಥೆ ಎಂದೇ ಹೇಳಿ ಕಳಿಸಿ, ಇತಿಹಾಸ ಎಂದು ಹೇಳಿ ಕಳಿಸಬೇಡಿ.